ನೋಡುತ್ತ ನಿಂತವರು: ಸನ್ನಿವೇಶ ಮತ್ತು ಮಾನವ ವರ್ತನೆ

ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆಯೊಂದು ನಮ್ಮಲ್ಲಿದೆ. ಹಾವನ್ನು ಕಂಡವನು ಒಬ್ಬನೇ ಆಗಿದ್ದರೆ ಕೈಗೆ ಸಿಕ್ಕ ಕೋಲನ್ನು ತಾನೇ ಎತ್ತುತ್ತಾನೆ. ಹತ್ತು ಮಂದಿ ನೆರೆದಾಗ ಪ್ರತಿಯೊಬ್ಬನೂ ಇನ್ನೊಬ್ಬನ ಕೋಲಿಗಾಗಿ ಕಾಯುತ್ತಾನೆ; ಅಷ್ಟರಲ್ಲಿ ಹಾವು ಪೊದೆ ಸೇರಿರುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಮಾಜಿಕ ಮನಶ್ಶಾಸ್ತ್ರವು ಪ್ರಯೋಗಗಳ ಮೂಲಕ ಅಳೆದು ತೋರಿಸಿದ ಸಂಗತಿಯೊಂದು ಈ ಗಾದೆಯಲ್ಲಿ ಅಡಗಿದೆ. ಮನುಷ್ಯನ ನಡತೆಗೆ ಅವನ ಸ್ವಭಾವವೊಂದೇ ಕಾರಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅವನು ನಿಂತ ಜಾಗ, ಸುತ್ತಲಿನ ಜನ, ಕೈಯಲ್ಲಿದ್ದ ಸಮಯ ಇವು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಆಪತ್ತಿಗೆ ಸಿಲುಕಿದವನ ಸುತ್ತ ನೆರೆದ ಜನ ಏಕೆ ಸುಮ್ಮನೆ ನಿಲ್ಲುತ್ತಾರೆ, ಯಾವಾಗ ಮುಂದೆ ಬರುತ್ತಾರೆ ಎಂಬ ಒಂದೇ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ.

ಮುಂಬಯಿಯಂತಹ ಮಹಾನಗರದಲ್ಲಿ ಬಾಳುವ ನಮಗೆ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಒಬ್ಬಾತ ಕುಸಿದು ಕುಳಿತಾಗ ಜನ ಅವನನ್ನು ಬಳಸಿಕೊಂಡು ಮುಂದೆ ಹೋಗುವುದನ್ನು ಕಂಡಿದ್ದೇವೆ. ನಾವೂ ಹಾಗೆ ಹೋದದ್ದುಂಟು. ಊರಿನಿಂದ ಬಂದ ನೆಂಟರು ಇದನ್ನು ನೋಡಿ, ಈ ಊರಿನವರಿಗೆ ಕರುಳೇ ಇಲ್ಲವೆಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಅದೇ ಜನ ಹೊರಟ ಲೋಕಲ್ ರೈಲಿನ ಬಾಗಿಲಿನಿಂದ ಕೈ ಚಾಚಿ, ಓಡಿ ಬರುತ್ತಿರುವ ಅಪರಿಚಿತನನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಕರುಳಿಲ್ಲದವರಾಗಿದ್ದರೆ ಅಲ್ಲಿಯೂ ಸುಮ್ಮನಿರಬೇಕಿತ್ತಲ್ಲವೇ?

ಈ ವಿಷಯ ವಿದ್ವಾಂಸರ ಗಮನಕ್ಕೆ ಬಂದುದು ಒಂದು ಕೊಲೆಯಿಂದ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಕಿಟಿ ಜೆನೊವೀಸ್ ಎಂಬ 28 ವರ್ಷದ ತರುಣಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಇರಿತಕ್ಕೆ ಬಲಿಯಾದಳು. ಎರಡು ವಾರಗಳ ಬಳಿಕ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಮುಖಪುಟದಲ್ಲಿ ಒಂದು ವರದಿಯನ್ನು ಪ್ರಕಟಿಸಿತು. 38 ಮಂದಿ ಗೌರವಸ್ಥ ನಾಗರಿಕರು ಅರ್ಧ ಗಂಟೆಗೂ ಹೆಚ್ಚು ಕಾಲ ತಮ್ಮ ಕಿಟಕಿಗಳಿಂದ ಈ ಹತ್ಯೆಯನ್ನು ನೋಡಿದರು, ದಾಳಿ ನಡೆಯುತ್ತಿದ್ದಾಗ ಒಬ್ಬರೂ ಪೊಲೀಸರಿಗೆ ದೂರವಾಣಿ ಮಾಡಲಿಲ್ಲ ಎಂಬುದು ಅದರ ಸಾರ. ಅಮೆರಿಕ ಬೆಚ್ಚಿಬಿದ್ದಿತು. ನಗರಜೀವನ ಮನುಷ್ಯನನ್ನು ಕಲ್ಲಾಗಿಸಿದೆ ಎಂದು ಧರ್ಮೋಪದೇಶಕರೂ ಸಂಪಾದಕರೂ ಬರೆದರು.

ನ್ಯೂಯಾರ್ಕಿನಲ್ಲಿಯೇ ಅಧ್ಯಾಪಕರಾಗಿದ್ದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ತರುಣ ಮನಶ್ಶಾಸ್ತ್ರಜ್ಞರಿಗೆ ಈ ವಿವರಣೆ ಒಪ್ಪಿಗೆಯಾಗಲಿಲ್ಲ. ಅಷ್ಟು ಜನ ಇದ್ದರೂ ಯಾರೂ ಬರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅಷ್ಟು ಜನ ಇದ್ದುದರಿಂದಲೇ ಯಾರೂ ಬರಲಿಲ್ಲವೇ ಎಂದು ಇವರು ಕೇಳಿದರು. 1968ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಯೊಬ್ಬನನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಕೂರಿಸಿ, ಬೇರೆ ಕೋಣೆಗಳಲ್ಲಿರುವವರೊಡನೆ ಧ್ವನಿಯಂತ್ರದ ಮೂಲಕ ಮಾತನಾಡಲು ಹೇಳಲಾಯಿತು. ಮಾತಿನ ನಡುವೆ ಅವರಲ್ಲೊಬ್ಬನಿಗೆ ಅಪಸ್ಮಾರದ ಆಘಾತ ತಗುಲಿ ಅವನು ತೊದಲುತ್ತ ಸಹಾಯಕ್ಕಾಗಿ ಅಂಗಲಾಚುವುದು ಕೇಳಿಸುತ್ತದೆ. ವಾಸ್ತವವಾಗಿ ಆ ಧ್ವನಿ ಮೊದಲೇ ಮುದ್ರಿಸಿಟ್ಟದ್ದು. ಇದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇಕಡಾ 85 ಮಂದಿ ಆ ಆಘಾತ ಮುಗಿಯುವುದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೊಬ್ಬನೂ ಕೇಳುತ್ತಿದ್ದಾನೆಂದು ನಂಬಿದವರಲ್ಲಿ ಈ ಪ್ರಮಾಣ 62ಕ್ಕೆ ಇಳಿಯಿತು. ಮತ್ತೆ ನಾಲ್ವರಿದ್ದಾರೆಂದು ತಿಳಿದವರಲ್ಲಿ ಕೇವಲ 31.

ಅಂಕಿಗಳಿಗಿಂತ ಮಿಗಿಲಾಗಿ ನಮ್ಮನ್ನು ತಡೆದು ನಿಲ್ಲಿಸುವುದು ಮತ್ತೊಂದು ವಿವರ. ಎದ್ದು ಹೋಗದೆ ಕುಳಿತಿದ್ದವರ ಬಳಿಗೆ ಸಂಶೋಧಕರು ಹೋದಾಗ ಅವರಲ್ಲಿ ಹಲವರ ಕೈಗಳು ನಡುಗುತ್ತಿದ್ದವು, ಅಂಗೈ ಬೆವರಿದ್ದವು. ಆ ಹುಡುಗನಿಗೆ ಏನೂ ಆಗಿಲ್ಲ ತಾನೇ ಎಂದು ಅವರೇ ಕಾತರದಿಂದ ವಿಚಾರಿಸಿದರು. ಇದನ್ನು ನಿರ್ದಯತೆ ಎನ್ನಲಾಗದು. ಹೋಗಬೇಕೇ ಬೇಡವೇ ಎಂಬ ಇಕ್ಕಟ್ಟಿನಲ್ಲಿ ಅವರು ಸಿಲುಕಿದ್ದರು. ಬೇರೆ ಯಾರಾದರೂ ಹೋಗಿರಬಹುದೆಂಬ ಊಹೆ ಅವರನ್ನು ಕುರ್ಚಿಗೆ ಕಟ್ಟಿಹಾಕಿತ್ತು. ಇತರರಿದ್ದುದರಿಂದ ನೀವು ಹೀಗೆ ಮಾಡಿದಿರಾ ಎಂದು ಕೇಳಿದರೆ, ಇಲ್ಲವೆಂದೇ ಅವರ ಉತ್ತರ. ತಮ್ಮನ್ನು ಹಿಡಿದು ನಿಲ್ಲಿಸಿದ್ದು ಏನೆಂಬುದು ಅವರಿಗೇ ತಿಳಿದಿರಲಿಲ್ಲ.

ಹೊಣೆ ಹೀಗೆ ಹಂಚಿಹೋಗುವುದು ಒಂದು ಕಾರಣವಾದರೆ, ಎರಡನೆಯದು ಒಬ್ಬರನ್ನೊಬ್ಬರು ನೋಡಿಕೊಳ್ಳುವುದು. ಅದೇ ವರ್ಷದ ಮತ್ತೊಂದು ಪ್ರಯೋಗದಲ್ಲಿ ಪ್ರಶ್ನಾವಳಿ ತುಂಬುತ್ತ ಕುಳಿತವರ ಕೋಣೆಯೊಳಕ್ಕೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಂಟಿಯಾಗಿದ್ದವರಲ್ಲಿ ಶೇಕಡಾ 75 ಮಂದಿ ಹೋಗಿ ತಿಳಿಸಿದರು. ಸಂಶೋಧಕರ ಸೂಚನೆಯಂತೆ ಹೊಗೆಯನ್ನು ಕಂಡೂ ಕಾಣದಂತಿದ್ದ ಇಬ್ಬರ ನಡುವೆ ಕುಳಿತ ಹತ್ತು ಮಂದಿಯಲ್ಲಿ ಹಾಗೆ ತಿಳಿಸಿದವನು ಒಬ್ಬನೇ. ಉಳಿದವರು ಕಣ್ಣುಜ್ಜಿಕೊಳ್ಳುತ್ತ, ಮುಖದ ಮುಂದಿನ ಹೊಗೆಯನ್ನು ಕೈಯಿಂದ ಸರಿಸುತ್ತ ಬರೆಯುತ್ತಲೇ ಇದ್ದರು. ಸಭ್ಯ ಜನರ ನಡುವೆ ಗಾಬರಿ ತೋರಿಸುವುದು ಮರ್ಯಾದೆಯಲ್ಲವೆಂದು ಪ್ರತಿಯೊಬ್ಬನೂ ಶಾಂತಮುಖ ಧರಿಸುತ್ತಾನೆ. ಇತರರ ಶಾಂತಮುಖ ಕಂಡು, ಅಪಾಯವೇನೂ ಇಲ್ಲವೆಂದು ತೀರ್ಮಾನಿಸುತ್ತಾನೆ. ನಮ್ಮ ಸಭೆ ಸಮಾರಂಭಗಳಲ್ಲಿ ಅರ್ಥವಾಗದ ಭಾಷಣಕ್ಕೆ ಎಲ್ಲರೂ ತಲೆದೂಗುವುದೂ ಬಹುಮಟ್ಟಿಗೆ ಇದೇ ಬಗೆಯದು.

1973ರಲ್ಲಿ ಡಾರ್ಲಿ ಅವರು ಡೇನಿಯಲ್ ಬ್ಯಾಟ್ಸನ್ ಅವರೊಡನೆ ಪ್ರಕಟಿಸಿದ ಪ್ರಯೋಗ ಇನ್ನೂ ಕಟುವಾದುದು. ಪ್ರಿನ್ಸ್‌ಟನ್ನಿನ ದೈವಜ್ಞಾನ ಶಾಲೆಯಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳಿಗೆ, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಉಪನ್ಯಾಸ ಕೊಡಬೇಕೆಂದು ಹೇಳಲಾಯಿತು. ಅರ್ಧದಷ್ಟು ಮಂದಿಯ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಬಾಗಿಲೊಂದರ ಬಳಿ ಒಬ್ಬಾತ ತಲೆತಗ್ಗಿಸಿ, ಕೆಮ್ಮುತ್ತ ನರಳುತ್ತ ಕುಸಿದಿರುವಂತೆ ಏರ್ಪಡಿಸಲಾಗಿತ್ತು. ಸಾವಕಾಶವಿದ್ದವರಲ್ಲಿ ಶೇಕಡಾ 63 ಮಂದಿ ನೆರವಾದರು. ತಡವಾಗಿದೆ, ಬೇಗ ಹೋಗಿ ಎಂದು ಅವಸರಪಡಿಸಲಾದವರಲ್ಲಿ ಕೇವಲ 10. ತಲೆಯಲ್ಲಿ ಯಾವ ಉಪನ್ಯಾಸವಿತ್ತೆಂಬುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಸಮಾರ್ಯದವನ ಕುರಿತು ಮಾತನಾಡಲು ಹೊರಟಿದ್ದ ಕೆಲವರು ಬಿದ್ದವನನ್ನು ದಾಟಿಕೊಂಡೇ ಹೋದರು. ನೀತಿಬೋಧೆಯಿಂದಲೇ ಜನರನ್ನು ತಿದ್ದಬಹುದೆಂದು ನಂಬಿರುವ ನಮ್ಮಂತಹ ಅಧ್ಯಾಪಕರು ನೆನಪಿನಲ್ಲಿಡಬೇಕಾದ ಫಲಿತಾಂಶವಿದು.

ಇಲ್ಲಿ ಒಂದು ತಿದ್ದುಪಡಿ ಅವಶ್ಯ. ಈ ಸಂಶೋಧನೆಗೆಲ್ಲ ಮೂಲವಾದ ಪತ್ರಿಕಾವರದಿಯೇ ಉತ್ಪ್ರೇಕ್ಷಿತವಾಗಿತ್ತು. 38 ಮಂದಿ ಕಣ್ಣಾರೆ ಕಂಡು ಸುಮ್ಮನಿದ್ದರೆಂಬುದಕ್ಕೆ ಆಧಾರವಿಲ್ಲವೆಂದು 2007ರಲ್ಲಿ ಮೂವರು ಬ್ರಿಟಿಷ್ ವಿದ್ವಾಂಸರು ದಾಖಲೆಗಳನ್ನು ಪರಿಶೀಲಿಸಿ ತೋರಿಸಿದರು. ಒಬ್ಬಾತ ಕಿಟಕಿಯಿಂದ ಕೂಗಿ ಗದರಿಸಿದಾಗ ಕೊಲೆಗಾರ ಒಮ್ಮೆ ಓಡಿಹೋಗಿದ್ದ. ಎರಡನೆಯ ದಾಳಿ ನಡೆದುದು ಕಟ್ಟಡದ ಒಳಗೆ, ಬಹುತೇಕರ ಕಣ್ಣಿಗೆ ಬೀಳದ ಜಾಗದಲ್ಲಿ. ಸೋಫಿಯಾ ಫ್ಯಾರರ್ ಎಂಬ ನೆರೆಮನೆಯ ಮಹಿಳೆಯಂತೂ ಕೊಲೆಗಾರ ಅಲ್ಲಿಯೇ ಇದ್ದಾನೋ ಇಲ್ಲವೋ ತಿಳಿಯದಿದ್ದರೂ ಕೆಳಗೆ ಓಡಿಬಂದು, ಸಾಯುತ್ತಿದ್ದ ಗೆಳತಿಯನ್ನು ತೋಳಲ್ಲಿ ಹಿಡಿದಿದ್ದಳು. ಆಕೆಯ ಈ ಕೃತ್ಯಕ್ಕೆ 1964ರ ವರದಿಯಲ್ಲಿ ಜಾಗ ದೊರೆಯಲಿಲ್ಲ. ವರದಿಯ ದೋಷವನ್ನು ಪತ್ರಿಕೆಯೇ 2016ರಲ್ಲಿ, ಕೊಲೆಗಾರ ಸೆರೆಮನೆಯಲ್ಲಿ ಸತ್ತ ಸಂದರ್ಭದಲ್ಲಿ ಒಪ್ಪಿಕೊಂಡಿತು.

ಹಾಗೆಂದು ಪ್ರಯೋಗಗಳು ಬಿದ್ದುಹೋಗಲಿಲ್ಲ, ಅವುಗಳ ಸೀಮೆ ಸ್ಪಷ್ಟವಾಯಿತು. ಅಪಾಯ ನಿಸ್ಸಂಶಯವಾಗಿ ಕಣ್ಣೆದುರಿಗಿದ್ದಾಗ ಗುಂಪಿನ ಈ ಪರಿಣಾಮ ತಗ್ಗುತ್ತದೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಸಮೀಕ್ಷೆಯಿಂದ ತಿಳಿದುಬಂದಿತು. ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಮ್ ಮತ್ತು ಕೇಪ್‌ಟೌನ್ ನಗರಗಳ ಬೀದಿ ಕ್ಯಾಮರಾಗಳಲ್ಲಿ ದಾಖಲಾದ 219 ಜಗಳಗಳನ್ನು ಕೆಲವು ವರ್ಷಗಳ ಹಿಂದೆ ಪರಿಶೀಲಿಸಿದಾಗ, ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದುದು ಕಂಡಿತು. ಒಬ್ಬೊಬ್ಬನ ಮನಸ್ಸು ಹಿಂಜರಿದರೂ ನೆರೆದವರಲ್ಲಿ ಮೊದಲ ಹೆಜ್ಜೆಯಿಡುವ ಒಬ್ಬ ಸಿಗುತ್ತಾನೆ. ಸುಮ್ಮನಿರುವವರನ್ನು ನೋಡಿ ಜನ ಸುಮ್ಮನಾಗುತ್ತಾರಾದರೆ, ಬಾಗಿದವನನ್ನು ಕಂಡು ತಾವೂ ಬಾಗುವುದುಂಟು. ನಿಲ್ದಾಣದ ಮೆಟ್ಟಿಲ ಮೇಲೆ ಒಬ್ಬ ನೀರಿನ ಬಾಟಲಿ ತೆರೆದೊಡನೆ ಮತ್ತೊಬ್ಬ ಗಾಳಿ ಬೀಸುವುದನ್ನೂ ನಾವು ನೋಡಿದ್ದೇವೆ.

ಭಾರತದ ರಸ್ತೆಗಳಲ್ಲಿ ಇದು ಜೀವನ್ಮರಣದ ಪ್ರಶ್ನೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಇಲ್ಲಿನ ದಾರಿಹೋಕ ಹಿಂದೆಗೆಯಲು ಗುಂಪಿನ ಮನೋಧರ್ಮವಲ್ಲದೆ ಬೇರೊಂದು ಬಲವಾದ ಕಾರಣವೂ ಇತ್ತು. ಗಾಯಾಳುವನ್ನು ಆಸ್ಪತ್ರೆಗೆ ತಂದವನನ್ನೇ ಹಿಡಿದು ಕೂರಿಸುವುದು, ಹಣ ಕಟ್ಟೆನ್ನುವುದು, ಠಾಣೆಗೂ ನ್ಯಾಯಾಲಯಕ್ಕೂ ಅಲೆಸುವುದು ವಾಡಿಕೆಯಾಗಿತ್ತು. ದೆಹಲಿಯಲ್ಲಿ ತಮ್ಮ ಬಂಧುವಾದ ಶಾಲಾಬಾಲಕನೊಬ್ಬ ರಸ್ತೆಯಲ್ಲಿ ನೆರವಿಲ್ಲದೆ ಸತ್ತ ಬಳಿಕ ಪೀಯೂಷ್ ತಿವಾರಿ ಅವರು 2008ರಲ್ಲಿ ಸೇವ್‌ಲೈಫ್ ಫೌಂಡೇಷನ್ ಸ್ಥಾಪಿಸಿದರು. ಆ ಸಂಸ್ಥೆ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 74 ಮಂದಿ ತಾವು ನೆರವಿಗೆ ಹೋಗಲಾರೆವೆಂದರು. ಅವರಲ್ಲಿ ಹೆಚ್ಚಿನವರು ಹೇಳಿದ ಕಾರಣ ಪೊಲೀಸು ಮತ್ತು ಕೋರ್ಟಿನ ಕಿರುಕುಳ.

ಆ ಸಂಸ್ಥೆಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ನೆರವಿತ್ತವರ ರಕ್ಷಣೆಗಾಗಿ ರೂಪಿಸಿದ್ದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. ಈ ವಿಷಯದಲ್ಲಿ ಪ್ರತ್ಯೇಕ ಶಾಸನ ರಚಿಸಲು ಮುಂದಾದ ರಾಜ್ಯ ನಮ್ಮ ಕರ್ನಾಟಕ ಎಂಬುದು ಹೊರನಾಡಿನ ಕನ್ನಡಿಗರಿಗೂ ಸಂತೋಷದ ಸಂಗತಿ. 2016ರ ಆ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 134ಎ ಕಲಮಿನಿಂದ ಈ ರಕ್ಷಣೆ ದೇಶಕ್ಕೆಲ್ಲ ಅನ್ವಯವಾಯಿತು. ಸನ್ನಿವೇಶವನ್ನೇ ಬದಲಿಸಲು ಯತ್ನಿಸಿದ ಕ್ರಮವಿದು. ದಯೆ ತೋರಿ ಎಂದು ಬೋಧಿಸುವುದಕ್ಕಿಂತ ಇದರ ದಾರಿ ಬೇರೆ. ಆದರೆ ಕಾಯಿದೆ ಇರುವುದು ದಾರಿಹೋಕನಿಗೆ ಗೊತ್ತಿಲ್ಲದಿದ್ದರೆ ಅವನ ಮಟ್ಟಿಗೆ ಹಳೆಯ ಸನ್ನಿವೇಶವೇ ಉಳಿಯುತ್ತದೆ. ಆಸ್ಪತ್ರೆಗಳು ಅವನ ಹಕ್ಕುಗಳನ್ನು ಹಿಂದಿ, ಇಂಗ್ಲಿಷ್ ಮತ್ತು ಆಯಾ ಪ್ರಾಂತದ ಭಾಷೆಯಲ್ಲಿ ಪ್ರವೇಶದ್ವಾರದ ಬಳಿ ತೂಗುಹಾಕಬೇಕೆಂದು ನಿಯಮ ಹೇಳುವುದು ಅದಕ್ಕಾಗಿಯೇ. ಗಾಯಾಳುವನ್ನು ಒಪ್ಪಿಸಿದವನು ತನ್ನ ಹೆಸರು, ವಿಳಾಸ ಯಾವುದನ್ನೂ ಹೇಳಬೇಕಾಗಿಲ್ಲ. ಬಂದ ದಾರಿಯಲ್ಲೇ ಹೊರಟುಹೋಗಬಹುದು.