ಹೊಸ ಗಣಕಯಂತ್ರದಲ್ಲಿ ಸಂಘದ ಹಳೆಯ ಲೆಕ್ಕ ತೆರೆಯದಿದ್ದರೆ ಏನು ಮಾಡಬೇಕು?



ನಿಮ್ಮ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ನಾಳೆ ಬಟವಾಡೆ ಎಂದಿಟ್ಟುಕೊಳ್ಳಿ. ಹಳೆಯ ಗಣಕಯಂತ್ರ ಕೆಟ್ಟು ಮೂಲೆ ಸೇರಿದೆ. ಅದರ ಜಾಗದಲ್ಲಿ ಹೊಸದು ಬಂದು ಕುಳಿತಿದೆ. ಕಾರ್ಯದರ್ಶಿಗಳು ಹತ್ತು ಹದಿನೈದು ವರ್ಷಗಳಿಂದ ಬಳಸುತ್ತಿದ್ದ ಲೆಕ್ಕದ ಸಾಫ್ಟ್‌ವೇರನ್ನು ಹೊಸ ಯಂತ್ರಕ್ಕೆ ಹಾಕಿಸಿ ತೆರೆದು ನೋಡುತ್ತಾರೆ. ಸದಸ್ಯರ ಹೆಸರಿಲ್ಲ, ಹಾಲಿನ ಅಳತೆಯಿಲ್ಲ, ಸಾಲದ ಕಂತಿನ ಲೆಕ್ಕವಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮಾತ್ರ ನಿಂತಿದೆ. ಒಂದು ಗಳಿಗೆಯಲ್ಲಿ "ಲೆಕ್ಕವೆಲ್ಲಾ ಹೋಯಿತಂತೆ" ಎಂಬ ಸುದ್ದಿ ಊರೆಲ್ಲಾ ಹಬ್ಬುತ್ತದೆ. ಆ ಗಾಬರಿಯಲ್ಲಿ ಯಾರಾದರೊಬ್ಬರು "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡೋಣ" ಎನ್ನುತ್ತಾರೆ.

ನಿಜವಾದ ನಷ್ಟ ಆಗುವುದು ಆ ಮಾತನ್ನು ಕೇಳಿದಾಗಲೇ. ಅಲ್ಲಿಯವರೆಗೆ ಬಹುಮಟ್ಟಿಗೆ ಏನೂ ಹೋಗಿರುವುದಿಲ್ಲ. ಸಂಘದ ಸದಸ್ಯರೂ ನಿರ್ದೇಶಕರೂ ಆದ ನೀವು ಈ ಯಂತ್ರವನ್ನು ನಡೆಸಲು ಕಲಿಯದಿದ್ದರೂ ಚಿಂತೆಯಿಲ್ಲ. ಆದರೆ ಲೆಕ್ಕ ಎಲ್ಲಿದೆ, ಅದನ್ನು ತೆರೆಯಲು ಏನು ಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ತಿಳಿದಿರಬೇಕು. ಲೆಕ್ಕ ನಿಮ್ಮದು, ಹಾಲು ನಿಮ್ಮದು.

ಲೆಕ್ಕ ಎಲ್ಲಿರುತ್ತದೆ?

ಬಾವಿಯಿಂದ ನೀರು ಸೇದುವುದನ್ನು ನೆನಪಿಗೆ ತಂದುಕೊಳ್ಳಿ. ಬಾವಿಯಲ್ಲಿ ನೀರಿದೆ. ಸೇದುವವನು ದಂಡೆಯ ಮೇಲೆ ನಿಂತಿದ್ದಾನೆ. ನಡುವೆ ಹಗ್ಗ ಮತ್ತು ರಾಟೆ ಇದ್ದರೆ ಮಾತ್ರ ನೀರು ಮೇಲೆ ಬರುತ್ತದೆ. ಗಣಕಯಂತ್ರದಲ್ಲಿಯೂ ಹೀಗೆಯೇ ಮೂರು ಭಾಗಗಳುಂಟು. ಲೆಕ್ಕವೆಲ್ಲಾ ತುಂಬಿರುವ ಫೈಲು ಬಾವಿಯಿದ್ದಂತೆ. ಕಾರ್ಯದರ್ಶಿಗಳು ತೆರೆಯುವ ಸಾಫ್ಟ್‌ವೇರು ನೀರು ಸೇದುವವನಿದ್ದಂತೆ. ಇವೆರಡರ ನಡುವೆ ಕೆಲಸ ಮಾಡುವ ಡೇಟಾಬೇಸ್ ಎಂಜಿನ್ ಅಥವಾ ಡ್ರೈವರ್ ಎಂಬುದು ರಾಟೆ.

ಹಳೆಯ ಯಂತ್ರದಲ್ಲಿ ಈ ರಾಟೆಯನ್ನು ಯಾರೋ ಎಂದೋ ಕೂಡಿಸಿದ್ದರು. ಹೊಸ ಯಂತ್ರದಲ್ಲಿ ಅದಿಲ್ಲ, ಇಲ್ಲವೇ ಇದ್ದರೂ ಅಳತೆ ಬೇರೆ. ಸಾಫ್ಟ್‌ವೇರು ಕೈ ಚಾಚುತ್ತದೆ, ನೀರು ಬರುವುದಿಲ್ಲ. ಅದನ್ನು ಕಂಡು ಬಾವಿಯೇ ಬತ್ತಿತೆಂದು ತಿಳಿಯುವುದು ತಪ್ಪು.

ಹಳ್ಳಿಯ ಸಂಘಗಳಲ್ಲಿ ಕಾಣುವ ಹಳೆಯ ಸಾಫ್ಟ್‌ವೇರುಗಳಲ್ಲಿ ಅನೇಕವು ಮೈಕ್ರೋಸಾಫ್ಟ್ ಆಕ್ಸೆಸ್ ಮಾದರಿಯ ಫೈಲಿನಲ್ಲಿ ಲೆಕ್ಕ ಇಡುತ್ತವೆ. ಆಕ್ಸೆಸ್ ಮೊದಲು ಬಂದುದು 1992ರಲ್ಲಿ. ಇದರ ಹಳೆಯ ಫೈಲಿನ ಹೆಸರಿನ ಕೊನೆಯಲ್ಲಿ ಡಾಟ್ ಎಂಡಿಬಿ ಎಂದಿರುತ್ತದೆ. 2007ರ ಆಕ್ಸೆಸ್‌ನಿಂದ ಈಚೆಗೆ ಡಾಟ್ ಎಸಿಸಿಡಿಬಿ ಎಂಬ ಹೊಸ ಮಾದರಿ ಬಂದಿತು. ಎಂಡಿಬಿಯನ್ನು ಓದುವ ಹಳೆಯ ಎಂಜಿನ್ನಿನ ಹೆಸರು ಜೆಟ್. ಎಸಿಸಿಡಿಬಿ ಮತ್ತು ಎಂಡಿಬಿ ಎರಡನ್ನೂ ಓದುವ ಹೊಸ ಎಂಜಿನ್ನಿನ ಹೆಸರು ಎಸಿಇ.

ಮೊದಲ ಕೆಲಸ: ನಕಲು

ಯಾವ ರಿಪೇರಿಗೂ ಕೈ ಹಾಕುವ ಮೊದಲು ಲೆಕ್ಕದ ಫೈಲನ್ನು ಹುಡುಕಿ ಎರಡು ಪೆನ್ ಡ್ರೈವುಗಳಿಗೆ ನಕಲು ಮಾಡಿಸಿರಿ. ಒಂದು ಸಂಘದ ಕಪಾಟಿನಲ್ಲಿರಲಿ, ಇನ್ನೊಂದು ಅಧ್ಯಕ್ಷರ ಬಳಿ ಇರಲಿ. ನಕಲು ಮಾಡುವಾಗ ಸಾಫ್ಟ್‌ವೇರನ್ನು ಪೂರ್ತಿಯಾಗಿ ಮುಚ್ಚಿರಬೇಕು. ಬೀಜದ ಕಾಳನ್ನು ತೆಗೆದಿಟ್ಟ ಮೇಲೆ ಉಳಿದುದಕ್ಕೆ ಕೈ ಹಾಕುವುದು ನಮ್ಮಲ್ಲಿ ವಾಡಿಕೆಯಷ್ಟೆ. ಇದೂ ಹಾಗೆಯೇ.

ಹಳೆಯ ಯಂತ್ರ ಕೆಟ್ಟಿದ್ದರೆ ಅದನ್ನು ಗುಜರಿಗೆ ಕೊಡಬೇಡಿರಿ. ಯಂತ್ರ ಹೊತ್ತಿಕೊಳ್ಳದಿದ್ದರೂ ಅದರೊಳಗಿನ ಹಾರ್ಡ್ ಡಿಸ್ಕ್ ಚೆನ್ನಾಗಿರಬಹುದು. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಫೈಲನ್ನು ತೆಗೆಯಲು ಬರುತ್ತದೆ. ಹೊಸ ಯಂತ್ರದಲ್ಲಿ ಹಳೆಯ ಲೆಕ್ಕ ತೆರೆದು, ತಾಳೆ ನೋಡಿ, ಒಂದು ಆಡಿಟ್ ಮುಗಿಯುವವರೆಗಾದರೂ ಹಳೆಯ ಡಿಸ್ಕನ್ನು ಜೋಪಾನ ಮಾಡಿರಿ.

ಫೈಲಿನ ಕೊನೆಯಲ್ಲಿ ಡಾಟ್ ಎಂಡಿಎಫ್ ಎಂದಿದ್ದರೆ ಅದು ಎಸ್‌ಕ್ಯೂಎಲ್ ಸರ್ವರ್ ಎಂಬ ಬೇರೆ ಜಾತಿಯದು. ಅದನ್ನು ಸರ್ವರ್ ನಿಲ್ಲಿಸದೆ ಸುಮ್ಮನೆ ನಕಲು ಮಾಡಲು ಬರುವುದಿಲ್ಲ. ಅಲ್ಲಿ ಬಲ್ಲವರಿಂದಲೇ ಬ್ಯಾಕಪ್ ತೆಗೆಸಬೇಕು. ಡಾಟ್ ಡಿಬಿಎಫ್ ಎಂದಿರುವ ಅನೇಕ ಫೈಲುಗಳಿದ್ದರೆ ಅದು ಫಾಕ್ಸ್‌ಪ್ರೋ ಕಾಲದ ಲೆಕ್ಕವಿರಬಹುದು. ಆಗ ಆ ಫೋಲ್ಡರನ್ನು ಇಡಿಯಾಗಿ ನಕಲು ಮಾಡತಕ್ಕದ್ದು. ಒಂದು ಫೈಲು ಬಿಟ್ಟರೂ ಲೆಕ್ಕ ಕುಂಟುತ್ತದೆ.

32 ಬಿಟ್ ಮತ್ತು 64 ಬಿಟ್

ಹೆಚ್ಚಿನ ತೊಂದರೆಗೆ ಮೂಲ ಇದು. ಗಾಡಿಯ ಅಚ್ಚಿಗೆ ತಕ್ಕ ಗಾಲಿ ಇರಬೇಕು. ಗಾಲಿ ಎಷ್ಟೇ ಹೊಸದಾಗಿರಲಿ, ಅಚ್ಚಿಗೆ ಕೂಡದಿದ್ದರೆ ಗಾಡಿ ಹೊರಡುವುದಿಲ್ಲ. ಸಾಫ್ಟ್‌ವೇರುಗಳಲ್ಲಿ ಹಳೆಯವು ಸಾಮಾನ್ಯವಾಗಿ 32 ಬಿಟ್ ಅಳತೆಯವು. ವಿಂಡೋಸ್ 11 ಬರುವುದು 64 ಬಿಟ್ಟಿನಲ್ಲಿ ಮಾತ್ರ. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಸಾಫ್ಟ್‌ವೇರು ನಡೆಯುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ 32 ಬಿಟ್ ಸಾಫ್ಟ್‌ವೇರಿಗೆ 32 ಬಿಟ್ ಎಂಜಿನ್ನೇ ಬೇಕು, 64 ಬಿಟ್ಟಿನದಕ್ಕೆ 64 ಬಿಟ್ ಎಂಜಿನ್ನೇ ಬೇಕು. ಇಲ್ಲಿ ನೋಡಬೇಕಾದುದು ವಿಂಡೋಸಿನ ಅಳತೆಯನ್ನಲ್ಲ, ಸಾಫ್ಟ್‌ವೇರಿನ ಅಳತೆಯನ್ನು. "ಯಂತ್ರ 64 ಬಿಟ್, ಆದ್ದರಿಂದ 64 ಬಿಟ್ ಎಂಜಿನ್ ಹಾಕಿದೆ" ಎಂದು ಹೇಳುವವರು ಇಲ್ಲಿಯೇ ಎಡವುತ್ತಾರೆ.

ಸಾಫ್ಟ್‌ವೇರಿನ ಅಳತೆ ತಿಳಿಯುವುದು ಸುಲಭ. ಅದನ್ನು ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಕಾಣುತ್ತದೆ. ಅಲ್ಲಿ ಸಾಫ್ಟ್‌ವೇರಿನ ಹೆಸರಿನ ಮುಂದೆ 32 ಬಿಟ್ ಎಂದು ಬರೆದಿದ್ದರೆ ಅದು 32 ಬಿಟ್ಟಿನದು.

ಕೂಡಿಸುವ ಕ್ರಮ

1. ಎಂಜಿನ್ನನ್ನು ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಆಕ್ಸೆಸ್ ಡೇಟಾಬೇಸ್ ಎಂಜಿನ್‌ಗೆ ಹಣ ಕೊಡಬೇಕಾಗಿಲ್ಲ. "ಕಾಣೆಯಾದ ಡಿಎಲ್‌ಎಲ್ ಕೊಡುತ್ತೇವೆ" ಎನ್ನುವ ಅಪರಿಚಿತ ತಾಣಗಳ ಗೊಡವೆ ಬೇಡ. ರೋಗವಿರುವ ಬೀಜವನ್ನು ಹೊಲಕ್ಕೆ ತಂದಂತಾದೀತು.

2. 2010ರ ಎಂಜಿನ್‌ಗೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಅಕ್ಟೋಬರ್ 13ಕ್ಕೆ ಮುಗಿಯಿತು. 2016ರದಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವು ಕೆಲಸ ಮಾಡುವುದು ನಿಂತಿಲ್ಲ. ಆದರೆ ಹೊಸ ದೋಷ ಕಂಡರೆ ತಿದ್ದಿ ಕೊಡುವವರಿಲ್ಲ. ಈಗ ಮೈಕ್ರೋಸಾಫ್ಟ್ 365 ಆಕ್ಸೆಸ್ ರನ್‌ಟೈಮ್ ಎಂಬುದೂ ಉಚಿತವಾಗಿ ಸಿಗುತ್ತದೆ. ಸಾಧ್ಯವಾದರೆ ಮೊದಲು ಅದನ್ನು ಪ್ರಯತ್ನಿಸಬಹುದು.

3. ಇಳಿಸಿಕೊಳ್ಳುವಾಗ ಎರಡು ಫೈಲುಗಳು ಕಾಣುತ್ತವೆ. ಹೆಸರಿನಲ್ಲಿ ಎಕ್ಸ್64 ಎಂದಿದ್ದರೆ 64 ಬಿಟ್ಟಿನದು. ಎಕ್ಸ್86 ಎಂದಿದ್ದರೆ, ಅಥವಾ ಎಂಜಿನ್ ಫೈಲಿನಲ್ಲಿ ಏನೂ ಇಲ್ಲದಿದ್ದರೆ, 32 ಬಿಟ್ಟಿನದು.

4. ವರ್ಡ್, ಎಕ್ಸೆಲ್ ಮೊದಲಾದುವನ್ನೆಲ್ಲಾ ಮುಚ್ಚಿ, ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಎಂಜಿನ್ನನ್ನು ಕೂಡಿಸಿ, ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಹೊತ್ತಿಸಬೇಕು.

5. ಮೊದಲ ಪರೀಕ್ಷೆ ಫೈಲಿನ ನಕಲಿನ ಮೇಲೆ ನಡೆಯಲಿ.

ಯಂತ್ರದಲ್ಲಿ ಈಗಾಗಲೇ 64 ಬಿಟ್ ಆಫೀಸ್ ಇದ್ದರೆ 32 ಬಿಟ್ ಎಂಜಿನ್ "ನಾನು ಕೂಡುವುದಿಲ್ಲ" ಎಂದು ಹಟ ಹಿಡಿಯುತ್ತದೆ. ಬಲವಂತದಿಂದ ಕೂಡಿಸುವ ಉಪಾಯಗಳನ್ನು ಕೆಲವರು ಹೇಳುತ್ತಾರೆ. ಅದರಿಂದ ಆಫೀಸ್ ಕೆಡುವ ಸಂಭವವುಂಟು. 64 ಬಿಟ್ ಆಫೀಸನ್ನು ತೆಗೆದು 32 ಬಿಟ್ ಆಫೀಸ್ ಹಾಕುವುದು ನೇರವಾದ ದಾರಿ. ವರ್ಡ್ ಎಕ್ಸೆಲ್ಲಿನ ದಿನದ ಕೆಲಸಕ್ಕೆ ಅದರಿಂದ ಕೊರತೆಯಾಗುವುದಿಲ್ಲ. ಹಾಗೆ ಮಾಡುವ ಮೊದಲು ಆಫೀಸಿನ ಪರವಾನಗಿಯ ವಿವರ ಕೈಯಲ್ಲಿರಲಿ.

ಪರದೆಯ ಮೇಲಿನ ಮಾತಿಗೆ ಅರ್ಥ

ಪರದೆಯ ಮೇಲೆ ಬರುವ ಸಾಲನ್ನು ಹಾಗೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಾಯಿಲೆಯ ಲಕ್ಷಣ ಹೇಳಿದರೆ ತಾನೇ ಪಶುವೈದ್ಯರು ಔಷಧ ಕೊಡುವುದು!

"ಎಸಿಇ ಓಎಲ್‌ಇಡಿಬಿ 12.0 ಪ್ರೊವೈಡರ್ ಈಸ್ ನಾಟ್ ರಿಜಿಸ್ಟರ್ಡ್" ಎಂದು ಬಂದರೆ ಎಂಜಿನ್ ಇಲ್ಲ, ಅಥವಾ ಬೇರೆ ಬಿಟ್ಟಿನದಿದೆ. ಅದೇ ಮಾತು "ಜೆಟ್ ಓಎಲ್‌ಇಡಿಬಿ 4.0" ಎಂಬ ಹೆಸರಿನೊಡನೆ ಬಂದರೆ ಸಾಫ್ಟ್‌ವೇರು 64 ಬಿಟ್ಟಿನಲ್ಲಿ ನಡೆಯುತ್ತಿರುವ ಸಂಭವ ಹೆಚ್ಚು. ಜೆಟ್ ವಿಂಡೋಸಿನೊಡನೆಯೇ ಬರುತ್ತದೆ, ಆದರೆ 32 ಬಿಟ್ಟಿನಲ್ಲಿ ಮಾತ್ರ. ಇಲ್ಲಿ ಸಾಫ್ಟ್‌ವೇರು ಮಾಡಿದವರಿಂದ 32 ಬಿಟ್ ಪ್ರತಿಯನ್ನು ಕೇಳಬೇಕು.

"ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್" ಎಂದರೆ ಎರಡರಲ್ಲೊಂದು: ಹಳೆಯ ಎಂಜಿನ್ನಿಗೆ ಹೊಸ ಮಾದರಿಯ ಫೈಲು ಕೊಟ್ಟಿದ್ದಾರೆ, ಇಲ್ಲವೇ ಫೈಲು ಕೆಟ್ಟಿದೆ. ಬರೆಯುತ್ತಿರುವಾಗ ಕರೆಂಟು ಹೋದರೆ ಫೈಲು ಕೆಡುವುದುಂಟು. ಆಕ್ಸೆಸ್‌ನಲ್ಲಿರುವ "ಕಾಂಪ್ಯಾಕ್ಟ್ ಅಂಡ್ ರಿಪೇರ್" ಎಂಬ ಕ್ರಮವನ್ನು ನಕಲಿನ ಮೇಲೆ ನಡೆಸಿ ನೋಡಬೇಕು. ಯುಪಿಎಸ್ ಇಲ್ಲದ ಸಂಘ ಮೊದಲು ಅದನ್ನು ಕೊಳ್ಳುವುದು ಒಳ್ಳೆಯದು. ಈ ಫೈಲು 2 ಜಿಬಿಗಿಂತ ದೊಡ್ಡದಾಗಿ ಬೆಳೆಯಲಾರದು ಎಂಬುದೂ ನೆನಪಿರಲಿ.

"ಆಪರೇಷನ್ ಮಸ್ಟ್ ಯೂಸ್ ಆನ್ ಅಪ್‌ಡೇಟಬಲ್ ಕ್ವೆರಿ" ಎಂದು ಬಂದು, ಹಳೆಯ ಲೆಕ್ಕ ಕಾಣುತ್ತಿದ್ದರೂ ಹೊಸದು ಬರೆಯಲು ಆಗದಿದ್ದರೆ, ಫೈಲಿರುವ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇಲ್ಲವೆಂದು ಸಾಮಾನ್ಯವಾಗಿ ತಿಳಿಯಬಹುದು. ಆ ಫೋಲ್ಡರಿಗೆ ಅನುಮತಿ ಕೊಡಿಸಬೇಕು. ಫೈಲಿಗೆ "ರೀಡ್ ಓನ್ಲಿ" ಎಂಬ ಗುರುತಿದ್ದರೆ ತೆಗೆಸಬೇಕು.

ಫೈಲನ್ನು ಬೇರೆಯವರು ಬಳಸುತ್ತಿದ್ದಾರೆಂದು ಹೇಳಿದರೆ, ಪಕ್ಕದಲ್ಲಿ ಡಾಟ್ ಎಲ್‌ಡಿಬಿ ಅಥವಾ ಡಾಟ್ ಎಲ್‌ಎಸಿಸಿಡಿಬಿ ಎಂಬ ಚಿಕ್ಕ ಫೈಲು ಉಳಿದಿದೆಯೇ ನೋಡಿರಿ. ಅದು ಬಾಗಿಲ ಚಿಲಕ. ಎಲ್ಲ ಯಂತ್ರಗಳಲ್ಲಿಯೂ ಸಾಫ್ಟ್‌ವೇರು ಮುಚ್ಚಿದೆಯೆಂದು ಖಾತ್ರಿಯಾದ ಮೇಲೆಯೇ ಅದನ್ನು ಅಳಿಸಬಹುದು.

ಕೆಲವು ಸಾಫ್ಟ್‌ವೇರುಗಳು ಓಡಿಬಿಸಿ ಎಂಬ ವಿಳಾಸದ ಪಟ್ಟಿಯಿಂದ ಫೈಲನ್ನು ಹುಡುಕುತ್ತವೆ. 64 ಬಿಟ್ ವಿಂಡೋಸಿನಲ್ಲಿ ಈ ಪಟ್ಟಿಯನ್ನು ಬರೆಯಲು 32 ಬಿಟ್ಟಿಗೊಂದು, 64 ಬಿಟ್ಟಿಗೊಂದು, ಹೀಗೆ ಎರಡು ಕಡೆಗಳಿವೆ. ಸಾಫ್ಟ್‌ವೇರು 32 ಬಿಟ್ಟಿನದಾದರೆ ವಿಳಾಸವನ್ನೂ 32 ಬಿಟ್ಟಿನ ಕಡೆಯೇ ಬರೆಯಬೇಕು.

ಲೆಕ್ಕ ತೆರೆದು ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ ಹೆದರಬೇಡಿರಿ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಹೆಸರು ಬರೆದಿದ್ದರೆ ಹಾಗಾಗುತ್ತದೆ. ಆ ಫಾಂಟನ್ನು ಹಾಕಿದರೆ ಕನ್ನಡ ಮರಳಿ ಕಾಣುತ್ತದೆ.

ದಿನಾಂಕದ ಮೋಸ

ಇದೊಂದು ಮಾತನ್ನು ಮರೆಯಬಾರದು. ಹೊಸ ವಿಂಡೋಸ್ ಅಮೆರಿಕದ ಪದ್ಧತಿಯಲ್ಲಿದ್ದರೆ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಓದುತ್ತದೆ. ಆಗ 5-4 ಎಂದು ಬರೆದ ಏಪ್ರಿಲ್ 5ರ ಹಾಲು ಮೇ 4ರ ಲೆಕ್ಕಕ್ಕೆ ಹೋಗಬಹುದು. ಪರದೆಯ ಮೇಲೆ ಯಾವ ತಪ್ಪಿನ ಮಾತೂ ಬರುವುದಿಲ್ಲ. ಬಟವಾಡೆಯಲ್ಲಿ ಮಾತ್ರ ಹಣ ಕಡಮೆ ಬರುತ್ತದೆ. ಆದುದರಿಂದ ಮೊದಲ ಹಾಲು ಬರೆಯುವ ಮೊದಲೇ ವಿಂಡೋಸಿನ ರೀಜನ್ ಎಂಬಲ್ಲಿ ಇಂಗ್ಲಿಷ್ (ಇಂಡಿಯಾ) ಎಂಬುದನ್ನು ಆರಿಸಿ, ದಿನ, ತಿಂಗಳು, ವರ್ಷ ಎಂಬ ಕ್ರಮವಿದೆಯೇ ನೋಡಬೇಕು.

ನಿಮ್ಮ ಕೈಯಲ್ಲಿರುವ ಸಾಕ್ಷಿ

ಎಲ್ಲವೂ ಕೂಡಿ ಲೆಕ್ಕ ತೆರೆಯಿತೆಂದು ಅಲ್ಲಿಗೇ ಸುಮ್ಮನಾಗಬಾರದು. ಐದಾರು ಸದಸ್ಯರು ತಮ್ಮ ಪಾಸ್‌ಪುಸ್ತಕ, ಹಾಲಿನ ಚೀಟಿಗಳನ್ನು ತಂದು ಪರದೆಯ ಮೇಲಿನ ಅಂಕಿಗಳೊಡನೆ ತಾಳೆ ನೋಡಲಿ. ಲೀಟರು, ಫ್ಯಾಟ್, ದರ, ಸಾಲದ ಬಾಕಿ ಎಲ್ಲವೂ ಸರಿಯಾಗಿದ್ದರೆ ಆಗ ನಕಲನ್ನು ಬಿಟ್ಟು ಮೂಲದಲ್ಲಿ ಕೆಲಸ ಮುಂದುವರಿಸಿರಿ. ಯಂತ್ರ ತಪ್ಪಿದಾಗ ಸತ್ಯ ಹೇಳುವುದು ಆ ಚೀಟಿಯೇ. ಆದ್ದರಿಂದ ಬಟವಾಡೆ ಮುಗಿಯಿತೆಂದು ಅದನ್ನು ಒಲೆಗೆ ಹಾಕಬೇಡಿರಿ.

ಹಳೆಯ ಸಾಫ್ಟ್‌ವೇರನ್ನು ಎಂದೆಂದಿಗೂ ತೇಪೆ ಹಾಕಿ ನಡೆಸಲಾಗದು ಎಂಬುದೂ ನಿಜ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮಟ್ಟಿಗೆ, 63,000 ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನಿಮ್ಮ ಸಂಘ ಯಾವುದೇ ಇರಲಿ, ಹೊಸ ಪದ್ಧತಿ ಬಂದಾಗ ಹಳೆಯ ಬಾಕಿ, ಹಳೆಯ ಷೇರು, ಹಳೆಯ ಹೆಸರು ಅದಕ್ಕೆ ಸಾಗಬೇಕು. ಸಾಗಬೇಕಾದರೆ ಹಳೆಯ ಫೈಲು ತೆರೆಯುವಂತಿರಬೇಕು. ರಾಟೆ ಸರಿಯಿರುವಾಗಲೇ ನೀರು ಸೇದಿ ತುಂಬಿಸಿಕೊಳ್ಳುವುದು ಜಾಣತನ.

ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿರಿ: ನಮ್ಮ ಲೆಕ್ಕದ ಫೈಲು ಎಲ್ಲಿದೆ? ಅದರ ನಕಲು ಕೊನೆಯ ಬಾರಿ ಯಾವಾಗ ಆಯಿತು? ಅದನ್ನು ತೆರೆಯಲು ಬೇಕಾದ ಎಂಜಿನ್ ಯಾವುದು, ಎಷ್ಟು ಬಿಟ್ಟಿನದು? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿರಿ. ಇಷ್ಟು ಮಾಡಿದ ಸಂಘದಲ್ಲಿ ಯಂತ್ರ ಕೆಟ್ಟರೂ ಬಟವಾಡೆ ಕೆಡುವುದಿಲ್ಲ.