ಬೆನ್ನಿಗೆ ಬೆನ್ನು ಕೊಟ್ಟ ಕೂಸು, ಹೇಮಾರ್ಕೆಟ್ಟಿನ ಜಗಳ

1745ರಲ್ಲಿ ವಿಲಿಯಂ ಸ್ಮೆಲಿಗೆ ಒಂದು ಹೆರಿಗೆಯ ಕರೆ ಬಂತು. ಸ್ಕಾಟ್ಲೆಂಡಿನ ಲನಾರ್ಕ್ ಕಡೆಯಿಂದ ಬಂದು ಲಂಡನ್ನಿನಲ್ಲಿ ನೆಲೆಯೂರಿದ್ದ ವೈದ್ಯ ಅವನು. ಮಗುವಿನ ತಲೆಯೇನೋ ಕೆಳಗೇ ಇತ್ತು. ಆದರೆ ಮುಖ ತಾಯಿಯ ಹೊಟ್ಟೆಯ ಕಡೆಗಿತ್ತು, ಬೆನ್ನು ತಾಯಿಯ ಬೆನ್ನಿಗೆ ಒತ್ತಿಕೊಂಡಿತ್ತು. ಇಕ್ಕಳ ಹಾಕಿ ಎಳೆದ, ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ತಲೆ ಸಿಕ್ಕಲ್ಲಿ ಹಿಡಿದು ಬಲ ಹಾಕಿ ಎಳೆಯುವುದೇ ಆ ಕಾಲದ ರೂಢಿ. ಹಾಗೂ ಬಾರದಿದ್ದರೆ ತಾಯಿಯನ್ನಾದರೂ ಉಳಿಸಿಕೊಳ್ಳಲು ಮಗುವಿನ ತಲೆಯನ್ನು ಒಡೆದು ತೆಗೆಯುತ್ತಿದ್ದರು.

ಸ್ಮೆಲಿಗೆ ಆಗ ಹೊಳೆದದ್ದು ಇಷ್ಟೇ: ಎಳೆಯುವ ಬದಲು ತಿರುಗಿಸಿದರೆ ಹೇಗೆ? ಇಕ್ಕಳದಲ್ಲೇ ತಲೆಯನ್ನು ತುಸು ಮೇಲಕ್ಕೆತ್ತಿ, ಸೊಂಟದೆಲುಬಿನ ದಾರಿ ಅಗಲವಾಗಿರುವ ಪಕ್ಕಕ್ಕೆ ಹಣೆಯನ್ನು ಹೊರಳಿಸಿದ. ಅಲ್ಲಿಂದ ಕೆಳಗಿಳಿಸುತ್ತಾ ಹಣೆಯನ್ನು ಹಿಂದಕ್ಕೂ ತಲೆಯ ಹಿಂಭಾಗವನ್ನು ಮುಂದಕ್ಕೂ ತಂದ. ಅಂದುಕೊಂಡದ್ದಕ್ಕಿಂತ ಸಲೀಸಾಗಿ ಕೂಸು ಹೊರಬಂತು. ಅಂದು ತನಗೆ ಬಹಳ ಸಂತೋಷವಾಯಿತು ಎಂದು ಅವನು ಬರೆದುಕೊಂಡಿದ್ದಾನೆ. ನೂರಾರು ಹೆರಿಗೆಗಳನ್ನು ಒಣ ದನಿಯಲ್ಲಿ ದಾಖಲಿಸುತ್ತಾ ಹೋಗುವ ಈ ಮನುಷ್ಯ ಸಂತೋಷದ ಮಾತಾಡುವುದೇ ಅಪರೂಪ.

ಇದರಲ್ಲಿ ಅಂಥಾದ್ದೇನಿದೆ ಎನ್ನುವವರಿಗೆ ಸ್ವಲ್ಪ ವಿವರ. ಸಾಮಾನ್ಯವಾಗಿ ಮಗು ತಾಯಿಯ ಬೆನ್ನಿನ ಕಡೆ ಮುಖ ಮಾಡಿ, ಗದ್ದವನ್ನು ಎದೆಗೆ ಒತ್ತಿಕೊಂಡು ಇಳಿಯುತ್ತದೆ. ಆಗ ದಾರಿಗೆ ಎದುರಾಗುವ ತಲೆಯ ಅಳತೆ ಸುಮಾರು 9.5 ಸೆಂಟಿಮೀಟರ್. ಬೆನ್ನಿಗೆ ಬೆನ್ನು ಕೊಟ್ಟ ಮಗುವಿನ ಗದ್ದ ಎದೆಗೆ ಸರಿಯಾಗಿ ಬಾಗುವುದಿಲ್ಲ, ಅಳತೆ 11.5ರ ಹತ್ತಿರ ಬರುತ್ತದೆ. ಎರಡೇ ಸೆಂಟಿಮೀಟರ್ ಹೆಚ್ಚು, ಆದರೆ ಅಲ್ಲಿ ಅದೇ ದೊಡ್ಡದು. ಬೇನೆ ಹೊಟ್ಟೆಗಿಂತ ಸೊಂಟದಲ್ಲೇ ಕೂರುತ್ತದೆ, ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡುವೇ ಇಲ್ಲವೆನಿಸುತ್ತದೆ, ಹೆರಿಗೆ ಎಳೆಯುತ್ತಾ ಹೋಗುತ್ತದೆ. ಕಿರಿದಾದ ಬಾಗಿಲಲ್ಲಿ ಮಂಚ ಸಾಗಿಸಿದವರಿಗೆ ಗೊತ್ತು, ಅಲ್ಲಿ ನೂಕುವುದಕ್ಕಿಂತ ಓರೆ ಮಾಡುವುದೇ ಕೆಲಸಕ್ಕೆ ಬರುವುದು. ಬೇನೆ ಶುರುವಾದಾಗ ಹೀಗಿರುವ ಮಕ್ಕಳಲ್ಲಿ ಬಹುಪಾಲು ದಾರಿಯಲ್ಲಿ ತಾವೇ ತಿರುಗಿಕೊಳ್ಳುತ್ತವೆ. ಕೊನೆಯವರೆಗೂ ತಿರುಗದೆ ಉಳಿಯುವವು ನೂರಕ್ಕೆ ಐದರ ಆಸುಪಾಸು.

ಇಕ್ಕಳದ ಪೂರ್ವಕಥೆಯನ್ನು ಬೇಗ ಮುಗಿಸುತ್ತೇನೆ, ನನಗೆ ಆ ಮನೆತನದ ಮೇಲೆ ಗೌರವವಿಲ್ಲ. ಚೇಂಬರ್ಲೆನ್ ಎಂಬ ಕುಟುಂಬ ಅದನ್ನು ಮಾಡಿಕೊಂಡು ನೂರು ವರ್ಷಕ್ಕೂ ಮೇಲೆ ಮನೆಯ ಗುಟ್ಟಾಗಿ ಬಚ್ಚಿಟ್ಟಿತು, ಅದರಿಂದಲೇ ದುಡ್ಡು ಮಾಡಿತು. ಅವರ ಇಕ್ಕಳಗಳು 1813ರಲ್ಲಿ ಎಸೆಕ್ಸ್‌ನ ಅವರದೇ ಹಳೆಯ ಮನೆಯ ನೆಲಹಲಗೆಯಡಿ ಸಿಕ್ಕವು. ಗುಟ್ಟು ಹೊರಬೀಳುವಷ್ಟರಲ್ಲಿ ಎಷ್ಟು ತಾಯಂದಿರು ಹೋದರೋ.

ಸ್ಮೆಲಿ ಇದಕ್ಕೆ ತದ್ವಿರುದ್ಧ, ತಿಳಿದದ್ದನ್ನೆಲ್ಲ ಹೇಳಿಕೊಟ್ಟವನು. ಹತ್ತು ವರ್ಷದಲ್ಲಿ 900ಕ್ಕೂ ಹೆಚ್ಚು ಗಂಡಸರಿಗೆ ಪಾಠ ಮಾಡಿದೆ, ಹೆಂಗಸರ ಲೆಕ್ಕ ಬೇರೆ ಎಂದಿದ್ದಾನೆ. ಪಾಠಕ್ಕೆ ನಿಜವಾದ ಸೊಂಟದ ಮೂಳೆಗೆ ಚರ್ಮ ಹೊದಿಸಿದ ಗೊಂಬೆ. ಬಡ ಹೆಂಗಸರ ಹೆರಿಗೆಯನ್ನು ಪುಕ್ಕಟೆ ಮಾಡಿಸುತ್ತಿದ್ದ, ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಲೋಹದ ಸದ್ದಿಗೆ ಹೆರುವ ಹೆಂಗಸು ಬೆದರದಿರಲೆಂದು ಮರದ ಇಕ್ಕಳವನ್ನು ಪ್ರಯತ್ನಿಸಿದ, ಕಬ್ಬಿಣದ್ದಕ್ಕೆ ತೊಗಲು ಸುತ್ತಿದ. 1752ರ ಅವನ ಗ್ರಂಥದ ಭಾಷೆಯನ್ನು ತಿದ್ದಿಕೊಟ್ಟವನು ಕಾದಂಬರಿಕಾರ ಟೋಬಿಯಾಸ್ ಸ್ಮೋಲೆಟ್.

ಈ ಪುಸ್ತಕದ ಮೇಲೆ ಎಲಿಜಬೆತ್ ನಿಹೆಲ್ ಮುಗಿಬಿದ್ದಳು. ಲಂಡನ್ನಿನ ಹೇಮಾರ್ಕೆಟ್ ಬೀದಿಯ ಸೂಲಗಿತ್ತಿ, ಪ್ಯಾರಿಸ್ಸಿನ ಒತೆಲ್ ದ್ಯೂ ಆಸ್ಪತ್ರೆಯಲ್ಲಿ ಕಲಿತು ಬಂದವಳು. 1760ರಲ್ಲಿ ಆಕೆ ಬರೆದ ಪುಸ್ತಕ ಓದಿದರೆ ಆ ನಾಲಿಗೆಯ ಹರಿತಕ್ಕೆ ಇಂದಿಗೂ ನಗು ಬರುತ್ತದೆ. ಗೊಂಬೆಯನ್ನಂತೂ ಆಕೆ ಬಿಡಿಬಿಡಿಯಾಗಿ ಬಿಚ್ಚಿ ಹಾಕುತ್ತಾಳೆ: ಮರದ ಹೆಂಗಸು, ತೊಗಲಿನ ಹೊಟ್ಟೆ, ಒಳಗೆ ಬಹುಶಃ ಬಿಯರ್ ತುಂಬಿದ ಚೀಲ, ಅದಕ್ಕೊಂದು ಬಿರಡೆ, ಬಿರಡೆಗೊಂದು ದಾರ, ಚೀಲದ ನಡುವೆ ಮೇಣದ ಕೂಸು. ಇದರ ಮೇಲೆ ಕೈ ಪಳಗಿಸಿಕೊಂಡ ಹುಡುಗರು ನಾಳೆ ಜೀವಂತ ಹೆಂಗಸಿನ ಹತ್ತಿರ ಬರುತ್ತಾರೆ ಎನ್ನುವುದು ಆಕೆಯ ಸಿಟ್ಟು. ಗಂಡಸು ವೈದ್ಯ ಸಡಿಲ ನಿಲುವಂಗಿ ತೊಡಬೇಕೆಂಬ ಸ್ಮೆಲಿಯ ಸಲಹೆಗೆ, ರಿಬ್ಬನ್ನನ್ನೂ ಕಟ್ಟಿಕೊಳ್ಳಲಿ ಎಂಬ ಧಾಟಿಯ ಲೇವಡಿ. ಸ್ಮೆಲಿಯ ದಪ್ಪ ಕೈಗಳನ್ನೂ ಬಿಡಲಿಲ್ಲ. ತಾನು ಪುಕ್ಕಟೆಯಾಗಿ ಮಾಡಿಸಿದ ಹೆರಿಗೆಗಳೇ 900ಕ್ಕೂ ಮೇಲೆ, ಗೊಂಬೆಗೆ ಮಾಡಿದ ಉಪಕಾರವನ್ನು ಸೇರಿಸದೆ ಆತ ಅಷ್ಟು ಲೆಕ್ಕ ಕೊಡಲಿ ನೋಡೋಣ ಎಂಬ ಸವಾಲು ಬೇರೆ. ಸ್ಮೋಲೆಟ್ ತನ್ನ ಪತ್ರಿಕೆಯಲ್ಲಿ ಪುಸ್ತಕವನ್ನು ಹಿಗ್ಗಾಮುಗ್ಗಾ ಹಳಿದ. ಗೆಳೆಯನ ಗ್ರಂಥವನ್ನು ತಿದ್ದಿದವನೇ ಎದುರಾಳಿಯ ಗ್ರಂಥಕ್ಕೆ ವಿಮರ್ಶಕ! ಆಕೆಯೂ ಸುಮ್ಮನಿರದೆ ಉತ್ತರ ಕೊಟ್ಟಳು.

ಬೈಗುಳ ಬದಿಗಿಟ್ಟರೆ ಆಕೆಯ ವಾದ ಗಟ್ಟಿಯಾದದ್ದು. ಇಕ್ಕಳ ಹುಟ್ಟಿದ್ದು ಅವಸರದಿಂದ. ಕಾಯುವ ತಾಳ್ಮೆ ಮತ್ತು ಪಳಗಿದ ಕೈ ಇದ್ದಲ್ಲಿ ಕಬ್ಬಿಣಕ್ಕೆ ಕೆಲಸವಿಲ್ಲ. ತಮಾಷೆಯೆಂದರೆ ಸ್ಮೆಲಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದ. ಸಾವಿರ ಹೆರಿಗೆಯಲ್ಲಿ 990 ಸಾಮಾನ್ಯ ನೆರವಿನಿಂದಲೇ ಆಗುತ್ತವೆ ಎನ್ನುವುದು ಅವನದೇ ಅಂದಾಜು. ಜಗಳವೆಲ್ಲ ಉಳಿದ ಹತ್ತರದ್ದು. 1745ರ ಆ ಹೆಂಗಸು ಆ ಹತ್ತರಲ್ಲಿ ಒಬ್ಬಳು, ಅವಳಿಗೆ ನಿಹೆಲ್ ಹೇಳುವ ತಾಳ್ಮೆಯೊಂದೇ ಸಾಕಾಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಆದರೆ ಸ್ಮೆಲಿಯ ಶಿಷ್ಯರ ಕೈಗೆ ಇಕ್ಕಳ ಸಿಕ್ಕ ಮೇಲೆ ಉಳಿದ 990 ಮಂದಿಯನ್ನು ಕಾಯುವವರಾರು ಎಂಬ ಆಕೆಯ ಭಯವೂ ಸುಳ್ಳಲ್ಲ. ಸ್ಮೆಲಿ ಲನಾರ್ಕ್‌ಗೆ ಮರಳಿ 1763ರಲ್ಲಿ ತೀರಿಕೊಂಡ, ತನ್ನ ಪುಸ್ತಕಗಳನ್ನು ಊರಿನ ಶಾಲೆಗೆ ಬಿಟ್ಟುಹೋದ. ನಿಹೆಲ್‌ಳನ್ನು ಗಂಡ ಬಿಟ್ಟು ಹೋದ. 1776ರಲ್ಲಿ ಸತ್ತಾಗ ನಿರ್ಗತಿಕಳೆಂದು ಚರ್ಚಿನ ಖರ್ಚಿನಲ್ಲಿ ಮಣ್ಣು ಮಾಡಿದರು.

ಮುಂದಿನ ನೂರೈವತ್ತು ವರ್ಷ ಇಕ್ಕಳಗಳ ಸಂತೆ. ಹೆಸರು ಮಾಡಬೇಕೆಂದ ವೈದ್ಯನೆಲ್ಲ ಒಂದೊಂದು ಹೊಸ ಬಾಗು, ಹೊಸ ಹಿಡಿ ಸೇರಿಸಿದ. ತಿರುಗಿಸುವುದಕ್ಕೆಂದೇ ಸರಿಯಾದ ಸಾಧನ ಬಂದದ್ದು ನಾರ್ವೆಯ ಕ್ರಿಶ್ಚಿಯನ್ ಕೀಲಂಡ್ ಕೈಯಿಂದ, 1915–16ರ ಹೊತ್ತಿಗೆ. ಹಳೆಯ ಇಕ್ಕಳದ ದೊಡ್ಡ ಬಾಗು ಒಳಗೆ ತಿರುಗಿದಾಗ ತಾಯಿಗೆ ಗಾಯ ಮಾಡುತ್ತಿತ್ತು. ಕೀಲಂಡ್ ಆ ಬಾಗನ್ನು ಹೆಚ್ಚುಕಡಿಮೆ ನೇರ ಮಾಡಿದ. ಎರಡು ಅಲಗುಗಳು ಒಂದರ ಮೇಲೊಂದು ಜಾರುವಂಥ ಕೀಲಿಟ್ಟ, ತಲೆ ಓರೆಯಾಗಿದ್ದರೂ ಹಿಡಿತ ಕೂರಲೆಂದು. ಬಲ್ಲವರ ಕೈಯಲ್ಲಿ ಅದ್ಭುತ, ಅರೆಬರೆ ಕಲಿತವರ ಕೈಯಲ್ಲಿ ಅಪಾಯ. ಮೊಕದ್ದಮೆಯ ಭಯ ಹೆಚ್ಚಿ, ಸಿಸೇರಿಯನ್ ಸುರಕ್ಷಿತವಾಗುತ್ತ ಬಂದಂತೆ ಅದನ್ನು ಕಲಿಸುವವರು ಕಡಿಮೆಯಾದರು, ಕಲಿಸುವವರಿಲ್ಲದೆ ಬಲ್ಲವರೂ ಕಡಿಮೆಯಾದರು.

ಗರ್ಭಿಣಿಯರಿಗೆ ಈಗ ಮನೆಮನೆಯಲ್ಲೂ ಒಂದು ಸಲಹೆ ಸಿಗುತ್ತದೆ: ದಿನಾ ಅಂಬೆಗಾಲಲ್ಲಿ ಕೂತರೆ ಮಗು ತಿರುಗುತ್ತದೆ. ಆಸ್ಟ್ರೇಲಿಯಾದಲ್ಲಿ 2,500ಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಇದನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಯ ವಾರಗಳಲ್ಲಿ ಹಾಗೆ ಕೂತವರಿಗೂ ಕೂರದವರಿಗೂ ಹೆರಿಗೆಯ ಹೊತ್ತಿಗೆ ವ್ಯತ್ಯಾಸವೇ ಕಾಣಲಿಲ್ಲ. ಸೊಂಟನೋವಿಗೆ ಹಾಯೆನಿಸಿದರೆ ಕೂರಲಿ, ಕೂರಲಿಲ್ಲವೆಂದು ಯಾವ ಸೊಸೆಯನ್ನೂ ದೂರಬೇಡಿ. ಇನ್ನು ಬೇನೆಯ ನಡುವೆ ಕೈಬೆರಳುಗಳಿಂದಲೇ ತಲೆಯನ್ನು ಬಾಗಿಸಿ ತಿರುಗಿಸುವ ಕ್ರಮ. ಅದರ ಮೇಲಿನ ಪರೀಕ್ಷೆಗಳು ಒಂದೇ ಮಾತು ಹೇಳುತ್ತಿಲ್ಲ; ಆದರೂ ಬಲ್ಲ ಕೈಯ ಬೆಲೆಯನ್ನು ಯಾರೂ ಅಲ್ಲಗಳೆದಿಲ್ಲ.

ನಮ್ಮಲ್ಲಿ ಆ ಕೈಗೆ ಹೆಸರು ಪಾವಗಡದ ಸೂಲಗಿತ್ತಿ ನರಸಮ್ಮ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ, ಹೊಟ್ಟೆ ಮುಟ್ಟಿಯೇ ಮಗುವಿನ ತಲೆ ಎಲ್ಲಿದೆಯೆಂದು ಹೇಳುತ್ತಿದ್ದರೆಂದು ಪ್ರಸಿದ್ಧರಾದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರ್ 25ರಂದು ತೀರಿಕೊಂಡರು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು ಪ್ರಸೂತಿ ದಾದಿಯರನ್ನು ತಯಾರು ಮಾಡುವ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಬಂದದ್ದೂ ಅದೇ ತಿಂಗಳು. ನರಸಮ್ಮ ಬದುಕಿದ್ದಾಗ ಸನ್ಮಾನ ಮಾಡಿದೆವು, ಹಾರ ಹಾಕಿದೆವು. ಪಕ್ಕದಲ್ಲಿ ಕೂರಿಸಿ ನಾಲ್ಕು ಹುಡುಗಿಯರಿಗೆ ಆ ಸ್ಪರ್ಶ ಕಲಿಸಿ ಎಂದು ಸರ್ಕಾರ ಕೇಳಬೇಕಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015–16ರಲ್ಲಿ ಶೇ 23.6 ಇದ್ದದ್ದು 2019–21ರಲ್ಲಿ ಶೇ 31.5 ಆಯಿತು. ಎಲ್ಲವೂ ಬೆನ್ನಿಗೆ ಬೆನ್ನು ಕೊಟ್ಟ ಕೂಸುಗಳಲ್ಲ, ಆಪರೇಷನ್ನಿನಿಂದಲೇ ಉಳಿದ ಜೀವಗಳೂ ಅದರಲ್ಲಿವೆ. ಆದರೂ ವೈದ್ಯಕೀಯ ಕಾಲೇಜುಗಳಿಗೆ ಒಂದು ವಿನಂತಿ: ಹೆರಿಗೆ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಚಾಕು ಕೊಡುವ ಮೊದಲು ತಲೆ ತಿರುಗಿಸುವುದನ್ನು ಕಲಿಸಿ, ಚರ್ಮದ ಗೊಂಬೆಯ ಮೇಲಾದರೂ ಸರಿ. ನಿಹೆಲ್ ಬೈದರೆ ಬೈಯಲಿ.