‘ಹದಿನಾಲ್ಕು ಸೂಜಿ’: ಜನಪದ ಭಯದ ಮೂಲ

ನಂಜನಗೂಡು–ತಿ. ನರಸೀಪುರ ಸೀಮೆಯ ತಗಡೂರೂ ಸೇರಿದಂತೆ ಕನ್ನಡನಾಡಿನ ಹಳ್ಳಿಗಳಲ್ಲಿ ನಾಯಿ ಕಡಿತದ ಮಾತು ಬಂದೊಡನೆ ಹಿರಿಯರು ನೆನೆಯುವುದು ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’ಯನ್ನು. ಸೂಜಿ ಹಾಕಿಸಿಕೊಂಡವರಿಗೆ ಕೈಕಾಲು ಬಿದ್ದುಹೋಗುತ್ತದೆಂಬ ಅಂಜಿಕೆಯೂ ಇದರೊಡನೆ ಬೆಳೆದುಬಂದಿದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಇದರ ಮೂಲವನ್ನು ಪರಿಶೀಲಿಸಬೇಕು.

ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ರೇಬೀಸ್ ಲಸಿಕೆಯೇ ದಶಕಗಳ ಕಾಲ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ರೋಗಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಿ, ಆ ಮಿದುಳಿನ ದ್ರಾವಣವನ್ನೇ ದಿನಕ್ಕೊಂದರಂತೆ ಹೊಟ್ಟೆಯ ಚರ್ಮದಡಿ ಚುಚ್ಚಲಾಗುತ್ತಿತ್ತು. ತೊಡಕು ಇದ್ದುದು ಇಲ್ಲಿಯೇ. ಮಿದುಳಿನೊಡನೆ ನರತಂತುಗಳ ಹೊದಿಕೆಯಾದ ಮಯಲಿನ್ ಕೂಡ ದೇಹವನ್ನು ಸೇರುತ್ತಿತ್ತು. ಅದನ್ನು ಪರಕೀಯವೆಂದು ಎದುರಿಸುವ ರೋಗನಿರೋಧಕ ವ್ಯವಸ್ಥೆಯು ಅಪರೂಪಕ್ಕೆ ಸ್ವಂತ ನರಗಳ ಹೊದಿಕೆಯ ಮೇಲೂ ಎರಗುತ್ತಿತ್ತು. ಪರಿಣಾಮವಾಗಿ ಮಿದುಳು, ಬೆನ್ನುಹುರಿಗಳಲ್ಲಿ ಉರಿಯೂತ ಕಾಣಿಸಿಕೊಂಡು ಜ್ವರ, ತಲೆನೋವು, ಕಾಲುಗಳ ಬಲಹೀನತೆ, ಮೂತ್ರ ಕಟ್ಟುವಿಕೆ ಉಂಟಾಗುತ್ತಿದ್ದವು. ಕೆಲವರು ಚೇತರಿಸಿಕೊಂಡರು, ಕೆಲವರು ಉಳಿಯಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1980ರ ದಶಕದಲ್ಲಿ ಇಂತಹ ರೋಗಿಗಳನ್ನು ಕುರಿತು ಅಧ್ಯಯನ ಪ್ರಕಟಿಸಿದ್ದಾರೆ.

ಹೀಗಾಗಿ ಜನಪದರ ಅಂಜಿಕೆ ಬರಿಯ ಕಲ್ಪನೆಯಲ್ಲ, ಕಂಡದ್ದರ ನೆನಪು. ಆದರೆ ಆ ನೆನಪಿಗೆ ಒಂದು ಮಿತಿಯಿದೆ. ಕಾಲು ಬಿದ್ದವನನ್ನು ಊರೇ ಕಂಡಿತು. ಲಸಿಕೆಯಿಂದ ಬದುಕಿದವನು ಎಂದಿನಂತೆ ಹೊಲಕ್ಕೆ ಹೋದುದರಿಂದ ಅವನ ಕಥೆ ಹುಟ್ಟಲಿಲ್ಲ. ಲಸಿಕೆಯ ತೊಂದರೆ ಕೆಲವರಿಗಷ್ಟೇ ಬಂದರೆ, ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡವರಲ್ಲಿ ಬದುಕುಳಿಯುವವರು ಇಲ್ಲವೆನ್ನುವಷ್ಟು ವಿರಳ.

2004ರ ಕೊನೆಗೆ ಭಾರತದಲ್ಲಿ ಈ ಲಸಿಕೆಯ ತಯಾರಿಕೆ ನಿಂತಿತು. ಇಂದಿನ ಲಸಿಕೆಗಳು ಜೀವಕೋಶಗಳಲ್ಲಿ ಬೆಳೆಸಿದಂತಹವು; ಅವುಗಳಲ್ಲಿ ಮಿದುಳಿನ ಅಂಶವಿಲ್ಲ. ಹೊಟ್ಟೆಗಲ್ಲ, ತೋಳಿಗೆ, ನಾಲ್ಕೈದು ಭೇಟಿಗಳಲ್ಲಿ ಇವನ್ನು ನೀಡಲಾಗುತ್ತದೆ. ಕಡಿತದ ಗಾಯವನ್ನು ಒಡನೆಯೇ ಸಾಬೂನು ಹಾಗೂ ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯುವುದೂ ಅಷ್ಟೇ ಮುಖ್ಯ. ಸುಣ್ಣ, ಖಾರದಪುಡಿ ಮೆತ್ತುವುದು ಗಾಯಕ್ಕೆ ಕೇಡು.

ಲಸಿಕೆ ಬದಲಾದರೂ ನುಡಿ ಬದಲಾಗಿಲ್ಲ. ಹದಿನಾಲ್ಕು ಸೂಜಿಗೆ ಹೆದರಿ ಮಗುವೊಂದು ಕಡಿತವನ್ನು ಮನೆಯವರಿಂದ ಮರೆಮಾಚಿದರೆ, ಒಂದು ಕಾಲದಲ್ಲಿ ನಿಜವಾಗಿದ್ದ ಮಾತೇ ಪ್ರಾಣಕ್ಕೆ ಎರವಾಗುತ್ತದೆ. ಇಂತಹ ನುಡಿಗಳನ್ನು ಸಂಗ್ರಹಿಸುವವರು ಅವು ಹುಟ್ಟಿದ ಕಾಲವನ್ನೂ, ಆ ಕಾಲ ಮುಗಿದುದನ್ನೂ ಜೊತೆಯಲ್ಲಿಯೇ ದಾಖಲಿಸಬೇಕಾಗಿದೆ.